ಶುಕ್ರವಾರ ಕೊಟ್ಟ ಸ್ಕೂಟರು

ತಿರುಮಕೂಡಲು ನರಸೀಪುರ
ಮಂಗಳವಾರ, ೩ ಜೂನ್ ೨೦೨೫

ಪ್ರೀತಿಯ ಸಮೀಕ್ಷಾ,

ಉಭಯಕುಶಲೋಪರಿ ಎಂದು ಬರೆಯಲು ಕೈ ತಾನಾಗಿಯೇ ಹೋಯಿತು, ಬಿಟ್ಟುಬಿಟ್ಟೆ. ನಿನ್ನ ಕುಶಲ ನನಗೆ ತಿಳಿಯದು, ನಮ್ಮದು ಹೇಳಿಕೊಳ್ಳುವ ಹಾಗಿಲ್ಲ. ಯಾದಗಿರಿಯ ಕಡೆ ಬಿಸಿಲು ಇನ್ನೂ ಇಳಿದಿಲ್ಲವಂತೆ, ಹೊಟ್ಟೆಗೆ ತಂಪಾಗಿ ಏನಾದರೂ ತಿನ್ನುತ್ತೀಯೋ ಇಲ್ಲವೋ? ಕಟ್ಟಿಕೊಟ್ಟ ಮೆಂತ್ಯದ ಹಿಟ್ಟು ಮುಗಿದಿರಬೇಕು. ಕೂದಲು ಉದುರುತ್ತಿದೆ ಎಂದಿದ್ದೆ. ನೀರು ಬದಲಾದರೆ ಹಾಗೆಯೇ ಆಗುವುದು, ಭಾನುವಾರದ ಎಣ್ಣೆಸ್ನಾನ ತಪ್ಪಿಸಬೇಡ. ನಮ್ಮ ಫೋನು ಸ್ವಿಚ್ ಆಫ್ ಬರುತ್ತಿದೆ ಎಂದು ನೀನು ಗಾಬರಿಯಾಗಿರುತ್ತೀಯ. ಸ್ಕೂಟರು ಇದೆಯಾ, ಲಾಸ್ಟ್ ಎಷ್ಟು ಎಂದು ಗಾಡಿ ಕೊಟ್ಟ ಮೇಲೂ ದಿನವಿಡೀ ಕರೆ ಬರುತ್ತಲೇ ಇತ್ತು ಕಣೇ. ಅದರ ಜೊತೆಗೆ ಠಾಣೆಯ ಕರೆಯೂ ಶುರುವಾದ ಮೇಲೆ ನಿಮ್ಮಪ್ಪ ಸಿಮ್ಮು ತೆಗೆದು ಸಾಸಿವೆ ಡಬ್ಬಿಗೆ ಹಾಕಿದ್ದಾರೆ. ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮನವರ ಫೋನಿನಿಂದ ಮಾಡಬಹುದಿತ್ತು. ಆದರೆ ಅವರು ಫೋನು ಕೈಗೆ ಕೊಟ್ಟು ಎದುರಿಗೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅದಕ್ಕೇ ಈ ಕಾಗದ.

ಠಾಣೆ ಎಂದ ಕೂಡಲೇ ಎದೆ ಒಡೆದುಕೊಳ್ಳಬೇಡ, ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಮಾರಲು ಹೇಳಿ ಹೋದ ಸ್ಕೂಟರು ಹೆಮ್ಮಿಗೆಯ ರಸ್ತೆಯಲ್ಲಿ ಒಬ್ಬಾಕೆಗೆ ಗುದ್ದಿದೆ. ಗಾಡಿ ಇನ್ನೂ ನಿನ್ನ ಹೆಸರಿನಲ್ಲೇ ಇದೆ, ನೋಟೀಸೂ ನಿನ್ನ ಹೆಸರಿಗೇ ಬಂದಿದೆ. ಸರ್ಕಾರಿ ಶಾಲೆಯ ನಿನ್ನ ಕೆಲಸ ಖಾಯಂ ಆಗಬೇಕಾದರೆ ಇದೇ ಠಾಣೆಯಿಂದ ನಿನ್ನ ಬಗ್ಗೆ ವರದಿ ಹೋಗಬೇಕಲ್ಲ, ಅಲ್ಲಿ ಕೇಸಿನಲ್ಲಿ ನಿನ್ನ ಹೆಸರು ಬಂತೆಂದರೆ ಮುಗಿಯಿತು. ಎಷ್ಟು ವರ್ಷ, ಎಷ್ಟು ಪರೀಕ್ಷೆ. ಪ್ರತಿ ಸಲ ಪಟ್ಟಿ ಬಂದಾಗ ನೀನು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ, ನಾನು ಹೊರಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಹೆದರಿಸಲು ಬರೆಯುತ್ತಿಲ್ಲ. ಹೇಗಾಯಿತು ಎಂದು ಮೊದಲಿಂದ ಹೇಳುತ್ತೇನೆ.

ಯುಗಾದಿ ಕಳೆದು ನೀನು ಹೊರಡುವ ಮುಂಚೆ ಫೋಟೊ ತೆಗೆದು, ಆನ್‌ಲೈನಿನಲ್ಲಿ ಜಾಹೀರಾತು ಹಾಕಿ, ಹೆಸರು ಬದಲಾಯಿಸುವ ಫಾರಂಗಳಿಗೆ ಸಹಿ ಮಾಡಿ ದೇವರ ಮನೆಯಲ್ಲಿಟ್ಟು, ನಿಮ್ಮಪ್ಪನ ನಂಬರು ಕೊಟ್ಟು ಹೋದೆ. ನೀನು ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆ ಮೇಲಿನ ಅವಾಂತರ ಕೇಳು. ಬೆಳಗಿನ ಪೂಜೆಗೆ ಕೂತರೆ ಫೋನು, ಮಂಗಳಾರತಿ ಎತ್ತಿದರೆ ಫೋನು. ಹೆಸರಿಲ್ಲ, ಊರಿಲ್ಲ, ಎತ್ತಿದ ಕೂಡಲೇ ಲಾಸ್ಟ್ ಎಷ್ಟು. ಇವರೋ, ಸತ್ಯಹರಿಶ್ಚಂದ್ರನ ವಂಶ. ಗಾಡಿ ಹೇಗಿದೆ ಎಂದು ಕೇಳುವ ಮೊದಲೇ ಬೆಳಗಿನ ಹೊತ್ತು ಸ್ಟಾರ್ಟ್ ಆಗುವುದಿಲ್ಲಪ್ಪ, ಕಿಕ್ಕರ್ ಒದೆಯಬೇಕು, ಒಂದು ಸಲ ನಮ್ಮ ಮಗಳು ಚರಂಡಿಗೆ ಇಳಿಸಿದ್ದಳು ಎಂದು ಶುರು ಮಾಡಿಬಿಡುವರು. ಸೈನ್ಯದಲ್ಲಿದ್ದೇನೆ ಎಂದವನೊಬ್ಬ ಒಂದು ಚೌಕಳಿ ಚಿತ್ರ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬಂದು ಬೀಳುತ್ತೆ ಎಂದ. ಕೊಡುವವನು ನೀನು, ನಾನೇಕಪ್ಪ ಪಿನ್ ಒತ್ತಲಿ ಎಂದು ಇವರು ಕೇಳಿದ್ದೇ ತಡ, ಬಾಯಿಗೆ ಬಂದಂತೆ ಬೈದು ಇಟ್ಟ. ಇನ್ನೊಬ್ಬ ಮನೆಗೇ ಬಂದು ಸೀಟು ಗುದ್ದಿ, ಟೈರು ಒದ್ದು, ನಾಲ್ಕು ಫೋಟೊ ಹೊಡೆದುಕೊಂಡು ನನ್ನ ಕೈಯ ಕಾಫಿ ಕುಡಿದು ಹೋದ. ಮಾರನೆಯ ದಿನ ನಮ್ಮದೇ ಸ್ಕೂಟರು ಯಾರದೋ ಹೆಸರಿನಲ್ಲಿ, ಹೆಚ್ಚಿನ ಬೆಲೆಗೆ, ನಮ್ಮ ದುಂಡುಮಲ್ಲಿಗೆ ಕುಂಡದ ಸಮೇತ ಅದೇ ಜಾಹೀರಾತಿನ ಪಟ್ಟಿಯಲ್ಲಿ ಕಾಣಿಸಿತು. ನಿನ್ನ ಗಾಡಿಯನ್ನು ಊರವರೆಲ್ಲ ಮಾರುತ್ತಿದ್ದರು, ನಮಗೊಬ್ಬರಿಗೆ ಮಾರಲು ಬರುತ್ತಿರಲಿಲ್ಲ.

ಹೀಗೆ ಸಾಕುಸಾಕಾಗಿರುವಾಗ ನಂಜನಗೂಡಿನಿಂದ ಮದನ್ ಎನ್ನುವವನು ಬಂದ. ಸಣ್ಣ ವಯಸ್ಸು, ಫ್ಯಾಕ್ಟರಿಯಲ್ಲಿ ಕೆಲಸ ಎಂದ, ನಿಮ್ಮಪ್ಪ ಹೇಳಿದ ದೋಷಗಳನ್ನೆಲ್ಲ ಕೇಳಿಯೂ ಆಗಲಿ ಎಂದ, ದುಡ್ಡನ್ನೂ ಕೈಯಲ್ಲೇ ತಂದಿದ್ದ. ಬಂದದ್ದು ಮಾತ್ರ ಶುಕ್ರವಾರ, ದೀಪ ಹಚ್ಚುವ ಹೊತ್ತು. ಲಕ್ಷ್ಮಿ ಹೊಸ್ತಿಲು ದಾಟುವ ಹೊತ್ತಲ್ಲಪ್ಪ ಇದು, ನಾಳೆ ಬಾ ಎಂದರು ಇವರು. ಅಷ್ಟರಲ್ಲಿ ನಾಳೆ ಶನಿವಾರ, ಕಬ್ಬಿಣ ಕೈ ಬದಲಾಯಿಸಬಾರದು ಎಂದು ನೆನಪಾಯಿತು. ಭಾನುವಾರ ಅಮಾವಾಸ್ಯೆ. ದೂರದಿಂದ ಬಂದಿವ್ನಿ ಸಾ, ಕೆಲ್ಸಕ್ಕೆ ಓಗಕ್ಕೆ ಗಾಡಿ ಬೇಕೇ ಬೇಕು ಎಂದು ಅವನು ಜಗಲಿ ಬಿಟ್ಟು ಏಳಲಿಲ್ಲ. ಕೊನೆಗೆ ನಿಮ್ಮಪ್ಪ ಒಂದು ದಾರಿ ಕಂಡುಹಿಡಿದರು. ದುಡ್ಡು ಒಳಗೆ ಬರುವುದಕ್ಕೆ ಶುಕ್ರವಾರದ ಅಡ್ಡಿಯಿಲ್ಲವಂತೆ. ಗಾಡಿ ತಗೊಂಡು ಹೋಗು, ಆದರೆ ಮಾರಿದ್ದು ಅಂತ ಅಂದ್ಕೋಬೇಡ, ಓಡಿಸಿ ನೋಡೋದಕ್ಕೆ ಕೊಟ್ಟಿದೀನಿ ಅಂದ್ಕೋ, ಸೋಮವಾರ ಬಂದು ಕಾಗದಪತ್ರ ತಗೊಂಡ ಮೇಲೆ ಮಾರಿದ ಲೆಕ್ಕ ಎಂದರು. ರಸೀದಿಯನ್ನಾದರೂ ಬರೆಸಿಕೊಳ್ಳಿ ಎಂದು ನಾನು ಅಡುಗೆಮನೆಯಿಂದ ಹೇಳಿದೆ. ಬರೆದರೆ ಮಾರಿದ ಹಾಗಾಗುತ್ತೆ ಕಣೆ ಎಂದು ನನಗೇ ಶಾಸ್ತ್ರ ಹೇಳಿದರು. ನಾನೂ ಗಾಡಿಗೆ ಅರಿಶಿನ ಕುಂಕುಮ ಇಟ್ಟು ಕಳಿಸಿದೆ, ಸುಳ್ಳು ಯಾಕೆ. ಆ ಸೋಮವಾರ ಅವನು ಬರಲಿಲ್ಲ, ಮುಂದಿನ ಸೋಮವಾರವೂ ಬರಲಿಲ್ಲ. ಫೋನು ಮಾಡಿದರೆ ಆ ನಂಬರೇ ಇಲ್ಲ ಎಂದಿತು. ನಿನಗೆ ತಿಳಿಸೋಣವೆಂದರೆ ತರಬೇತಿಯ ನಡುವೆ ಮಗುವಿನ ತಲೆ ಕೆಡಿಸಬೇಡ ಎಂದು ಇವರು ತಡೆದರು.

ಮೇ ತಿಂಗಳ ನಡುವಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಸಿದ್ದರಾಜು ಮನೆ ಬಾಗಿಲಿಗೆ ಬಂದರು. ಹೆಮ್ಮಿಗೆಯ ಚಿಕ್ಕಬಸಮ್ಮ ಅಂತ, ಸೊಪ್ಪು ಮಾರುವಾಕೆ, ಬೆಳಗ್ಗೆ ಕುಕ್ಕೆ ಹೊತ್ತು ಬಸ್ಸಿಗೆ ಹೋಗುತ್ತಿದ್ದಾಗ ಸ್ಕೂಟರು ಬಂದು ಗುದ್ದಿದೆ. ಸೊಂಟದ ಮೂಳೆ ಮುರಿದಿದೆ. ಜನ ಸೇರುವಷ್ಟರಲ್ಲಿ ಓಡಿಸುತ್ತಿದ್ದವನು ಗಾಡಿ ಬಿಟ್ಟು ಗದ್ದೆಯ ಬದುವಿನ ಮೇಲೆ ಓಡಿಹೋಗಿದ್ದಾನೆ. ಅವನ ಮುಖ ನೋಡಿದವಳು ಆಕೆಯೊಬ್ಬಳೇ. ಸಿದ್ದರಾಜು ಒಳ್ಳೆಯ ಮನುಷ್ಯರೇ. ಮಾರಿದ್ರೆ ಕಾಗ್ದ ತೋರ್ಸಿ ಸಾಮೇರೆ, ಕಾಗ್ದ ನಿಮ್ಮನೇಲೇ ಅದೆ ಅಂದ್ರೆ ಗಾಡಿನೂ ನಿಮ್ದೇ ಅಂತ ಲೆಕ್ಕ ಕಣ್ರೀ ಎಂದರು. ಮಾರಿದ್ದಕ್ಕೆ ಸಾಕ್ಷಿ ಯಾರು ಎಂದಾಗ ನಾನು ಉತ್ಸಾಹದಿಂದ ಸುಬ್ಬಲಕ್ಷ್ಮಮ್ಮನವರನ್ನು ಕರೆದೆ. ಅವರು ಸೆರಗು ಸರಿ ಮಾಡಿಕೊಂಡು ಬಂದು, ಮಾರಲಿಲ್ಲಪ್ಪ, ಓಡಿಸಿ ನೋಡು ಅಂತ ಕೊಟ್ಟರು, ನನ್ನ ಕಿವಿಯಾರೆ ಕೇಳಿದೀನಿ ಎಂದು ಸಾಕ್ಷಿ ನುಡಿದರು. ಅವರನ್ನು ಬೈಯುವ ಹಾಗೂ ಇಲ್ಲ, ಇದ್ದದ್ದನ್ನೇ ಹೇಳಿದ್ದಾರೆ.

ನಾವಿಬ್ಬರೂ ಬಸ್ಸು ಹತ್ತಿ ನಂಜನಗೂಡಿಗೆ ಹೋಗಿ ಆ ಮದನನನ್ನು ಹುಡುಕಿದೆವು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ ಎಂದಿದ್ದ. ಮನೆಮನೆಗೂ ಹೋಗಿ ಕೇಳಿದೆವು. ಒಂದು ಕಡೆ ಅಂಥವನೊಬ್ಬ ಬಾಡಿಗೆಗೆ ಇದ್ದ, ಖಾಲಿ ಮಾಡಿಕೊಂಡು ಹೋದ ಎಂದರು. ಠಾಣೆಯಲ್ಲಿ ವಿಚಾರಿಸಿದರೆ ಆ ನಂಬರು ಯಾರೋ ಮುದುಕನ ಹೆಸರಿನಲ್ಲಿದೆಯಂತೆ. ಹುಡುಕುತ್ತೇವೆ, ಆದರೆ ಸಿಗುವ ತನಕ ಗಾಡಿಯ ಒಡತಿಯೇ ಉತ್ತರ ಹೇಳಬೇಕು ಎನ್ನುತ್ತಾರೆ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು, ಲಕ್ಷ್ಮಿಯನ್ನು ಮನೆಯಲ್ಲಿ ಉಳಿಸಿಕೊಳ್ಳಲು ಹೋಗಿ ಮಗಳ ಅನ್ನಕ್ಕೆ ಕಲ್ಲು ಹಾಕಿದಿರಿ ಎಂದುಬಿಟ್ಟೆ. ಅನ್ನಬಾರದಿತ್ತು. ಅವರು ಕಿಟಕಿಯ ಕಡೆ ತಿರುಗಿಕೊಂಡರು, ಧೋತ್ರದ ಚುಂಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಅಂದಿನಿಂದ ಅವರು ಆಸ್ಪತ್ರೆಗೆ ಚಿಕ್ಕಬಸಮ್ಮನನ್ನು ನೋಡಲು ಹೋಗುತ್ತಿರುತ್ತಾರೆ. ನಾನೂ ಒಂದು ಸಲ ಸಾರನ್ನ ಮಾಡಿಕೊಂಡು ಹೋಗಿದ್ದೆ. ಆಕೆಗೆ ನಮ್ಮ ಮೇಲೆ ಕೋಪವೇ ಇಲ್ಲ, ಅದೇ ಹೆಚ್ಚು ಸಂಕಟ. ನೀವ್ಯಾಕೆ ಅಳ್ತೀರಿ ಬುಡ್ರವ್ವಾ, ಒಡೆದೋನು ಚಿಕ್ಕ ಐಕ್ಳು, ಮೀಸೆನೂ ಸರ್ಯಾಗಿ ಬಂದಿರ್ನಿಲ್ಲ ಎಂದಳು. ಇನ್ನು ಮೊದಲಿನ ಹಾಗೆ ಕುಕ್ಕೆ ಹೊರುವುದು ಆಗದು ಎಂದು ವೈದ್ಯರು ಹೇಳಿದ್ದಾರೆ. ಅವಳ ಮಗಳು ಕೆಂಪಾಜಮ್ಮ ಕೆಲಸ ಬಿಟ್ಟು ಮಂಚದ ಪಕ್ಕ ಕೂತಿದ್ದಾಳೆ.

ಈಗ ನಿನ್ನಿಂದ ಆಗಬೇಕಾದ್ದು. ಇದರ ಜೊತೆ ಒಂದು ಕಾಗದ ಇಟ್ಟಿದೆ. ಸ್ಕೂಟರು ಯುಗಾದಿಯಿಂದ ಈಚೆಗೆ ನನ್ನ ತಂದೆ ಚಕ್ರಪಾಣಿಯವರ ವಶದಲ್ಲಿತ್ತು, ಅದರ ವಿಷಯ ನನಗೇನೂ ತಿಳಿಯದು ಎಂದು ಅದರಲ್ಲಿದೆ. ಸಹಿ ಹಾಕಿ ತಕ್ಷಣ ಕಳಿಸಬೇಕಂತೆ, ಮುಂದಿನ ವಾರ ಠಾಣೆಗೆ ಕೊಡಬೇಕು. ಅಷ್ಟಾದರೆ ನಿನ್ನ ಹೆಸರಿಗೆ ಏನೂ ಅಂಟುವುದಿಲ್ಲ, ಉಳಿದದ್ದನ್ನು ತಾನು ನೋಡಿಕೊಳ್ಳುತ್ತೇನೆ ಎಂದು ನಿಮ್ಮಪ್ಪ ಹೇಳುತ್ತಾರೆ. ನೀನು ರಜೆ ಹಾಕಿ ಬರಬೇಕಾಗಿಲ್ಲವಂತೆ. ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿದ್ದಾರೆ, ನಿದ್ದೆಯೂ ಮಾಡುತ್ತಿದ್ದಾರೆ.

ನಿನ್ನ ತಲೆ ಸವರಿ ಹರಸಬೇಕೆನ್ನಿಸುತ್ತದೆ, ಅಷ್ಟು ದೂರಕ್ಕೆ ಈ ಅಕ್ಷರವೇ ಕೈ ಎಂದುಕೋ. ನಿಮ್ಮಪ್ಪ ಸ್ವಾಮಿಯ ತುಳಸಿಯ ಎರಡು ಎಲೆ ಒಳಗಿಟ್ಟಿದ್ದಾರೆ. ಮಕ್ಕಳಿಗೆ ಚೆನ್ನಾಗಿ ಪಾಠ ಹೇಳು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ
ಚಂಪಕ

ತಾ.ಕ.: ಪೋಸ್ಟಾಫೀಸಿನಲ್ಲಿ ಗೋಂದಿನ ಮೇಜಿನ ಹತ್ತಿರ ನಿಂತು ಬರೆಯುತ್ತಿದ್ದೇನೆ. ಮೇಲಿನದನ್ನೆಲ್ಲ ನಿಮ್ಮಪ್ಪ ಓದಿ ಒಪ್ಪಿದ್ದಾರೆ, ಇದನ್ನು ಓದಿಲ್ಲ. ಗಾಡಿ ಅವರ ವಶದಲ್ಲಿತ್ತು ಎಂದು ನೀನು ಬರೆದುಕೊಟ್ಟರೆ, ಅವತ್ತು ಹೆಮ್ಮಿಗೆ ರಸ್ತೆಯಲ್ಲಿ ಓಡಿಸಿದವನೂ ತಾನೇ ಎಂದು ಠಾಣೆಯಲ್ಲಿ ಹೇಳುತ್ತಾರಂತೆ. ಸೈಕಲ್ಲನ್ನೂ ತುಳಿಯಲು ಬಾರದ ಮನುಷ್ಯ. ಚಿಕ್ಕಬಸಮ್ಮನಿಗೂ ಹಾಗೇ ಹೇಳು ಎಂದು ಕೈ ಮುಗಿದು ಕೇಳಿಕೊಂಡಿದ್ದಾರೆ. ಎಣ್ಮಗಳ ಕೆಲ್ಸ ಅಂದ್ರೆ ಅಂಗೇ ಯೋಳ್ತೀನಿ ಬುಡಿ ಸಾಮಿ ಎಂದು ಆಕೆ ಒಪ್ಪಿದ್ದಾಳೆ. ಅವಳ ಸೊಂಟ ಮುರಿದವನು ಎಲ್ಲೋ ಹಾಯಾಗಿರುತ್ತಾನೆ, ಇವರು ಜೈಲಿಗೆ ಹೋಗುತ್ತಾರೆ. ಸಾಕ್ಷಿಗೆ ನೀನೂ ಸಹಿ ಹಾಕು ಎಂದು ನನಗೆ ಹೇಳಿದರು. ನಿನ್ನ ಕೆಲಸದ ಆಸೆಗೆ ನಾನು ಹಾಕಿಬಿಟ್ಟೆ ಕಣೇ, ಬೇಡ ಎನ್ನಲು ಬಾಯಿ ಬರಲಿಲ್ಲ. ಕಾಗದದ ಕೆಳಗೆ ನನ್ನ ಹೆಸರಿದೆ, ನೋಡು. ನೀನು ಹಾಕಬೇಡ.