ಆ ಹೆಸರಿನವರು ಈ ಮನೆಯಲ್ಲಿಲ್ಲ

ಮಾಳಮಡ್ಡಿ, ಧಾರವಾಡ
ಜನವರಿಯ ಒಂದು ರವಿವಾರ

ಕೆಳಗಿನ ಮನೆಯ ಮಹಾರಾಣಿ, ನನ್ನ ಏಕೈಕ ವೈನಿಯವರ ಸನ್ನಿಧಾನಕ್ಕೆ,

ಹದಿನಾಲ್ಕು ಮೆಟ್ಟಿಲುಗಳ ಮೇಲಿನ ಕೋಣೆಯಿಂದ ಮೈದುನ ಅತುಲ ಬರೆದು ತಿಳಿಸುವುದೇನೆಂದರೆ, ತಾನು ಕ್ಷೇಮವಾಗಿಲ್ಲ. ಜ್ವರವೇನೂ ಇಲ್ಲ, ಮಧ್ಯಾಹ್ನ ನೀವು ಬಡಿಸಿದ ನಾಲ್ಕನೆಯ ಚಪಾತಿಯನ್ನೂ ಉಂಡಿದ್ದಾನೆ. ಆದರೂ ಕ್ಷೇಮವಾಗಿಲ್ಲ. ಒಂದೇ ಮನೆಯಲ್ಲಿದ್ದು ಪತ್ರ ಬರೆಯುವುದೇನು ಎಂದು ನೀವು ಕೇಳಬಹುದು. ಬುಧವಾರದಿಂದ ನಿಮ್ಮ ಮುಖ ನೋಡಿ ಹೇಳಲು ಹೆಣಗುತ್ತಿದ್ದೇನೆ. ಪ್ರತಿ ಸಲವೂ ಬಾಯಿಗೆ ಬರುವುದು ಏನೋ ಒಂದು ಚೇಷ್ಟೆಯ ಮಾತು. ನೀವು ನಗುತ್ತೀರಿ, ಅಲ್ಲಿಗೆ ಮುಗಿಯಿತು.

ನಿಮ್ಮ ಪೌರತ್ವದ ಅರ್ಜಿ ಎಲ್ಲಿ ನಿಂತಿದೆ ಎಂಬುದು ಗೊತ್ತಾಗಿದೆ. ನಾವು ಅಂದುಕೊಂಡಂತೆ ದಿಲ್ಲಿಯಲ್ಲಲ್ಲ. ಅದು ಧಾರವಾಡವನ್ನೇ ದಾಟಿಲ್ಲ, ವೈನಿ. ಅದನ್ನು ತಡೆದವನು ನಾನು.

ಮೊದಲಿನಿಂದ ಹೇಳುತ್ತೇನೆ. ನೀವು ಸಂಗೀತ ಕಲಿಯಲೆಂದು ಶ್ರೀಲಂಕಾದ ಮಾತರದಿಂದ ಇಲ್ಲಿಗೆ ಬಂದಾಗ ನಾನು ಏಳನೆಯ ಇಯತ್ತೆಯಲ್ಲಿದ್ದೆ. ನಮ್ಮ ವಿನೀತಣ್ಣನ ತಬಲಾ ಕೇಳಿಯೂ ಅವನನ್ನು ಮದುವೆಯಾಗಲು ಒಪ್ಪಿದಿರಿ. ಆ ಧೈರ್ಯಕ್ಕೇ ಸರ್ಕಾರ ಅಂದೇ ಪೌರತ್ವ ಕೊಡಬೇಕಿತ್ತು. ಮುಹೂರ್ತಕ್ಕೆ ನಿಮ್ಮ ಅಪ್ಪ ಅಮ್ಮನಿಗೆ ವೀಸಾ ಸಿಗಲಿಲ್ಲ. ಪಕ್ಕದ ಮನೆಯ ಏಕನಾಥಜ್ಜ, ಗೋದಾಬಾಯಿ ಅಜ್ಜಿ ಮುಂದೆ ಬಂದು ಧಾರೆ ಎರೆದು ಕೊಟ್ಟರು. ಅಂದಿನಿಂದ ಅವರ ಊರು ಹೆಬ್ಬಳ್ಳಿ ನಿಮ್ಮ ತವರು. ಅಜ್ಜ ತೀರಿಹೋದ ಮೇಲೂ ಪಂಚಮಿಗೆ ಅಲ್ಲಿಂದ ನಿಮಗೆ ಉಂಡಿ ಬರುವುದು ತಪ್ಪಿಲ್ಲ. ಮದುವೆಯ ದಿನ ನಮ್ಮ ಪದ್ಧತಿಯಂತೆ ಅಣ್ಣ ಅಕ್ಕಿ ಹರವಿದ ತಟ್ಟೆಯಲ್ಲಿ ಉಂಗುರದಿಂದ ನಿಮಗೆ ಹೊಸ ಹೆಸರು ಬರೆದ: ರುಕ್ಮಿಣಿ. ದಿಲ್ರುಕ್ಷಿ ಎಂಬ ಹೆಸರು ಪಾಸ್‌ಪೋರ್ಟಿನಲ್ಲಿ ಉಳಿಯಿತು; ಓಣಿ ಅದನ್ನು ಮರೆತೇಬಿಟ್ಟಿತು.

ಎರಡು ವರ್ಷ ನಾಲ್ಕು ತಿಂಗಳ ಹಿಂದೆ, ಗಣಪತಿ ಹಬ್ಬದ ಮಾರನೆಯ ದಿನ, ನೀವು ಪಾಠ ಹೇಳಲು ಹುಬ್ಬಳ್ಳಿಗೆ ಹೋಗಿದ್ದಿರಿ. ನಾನು ಕಟ್ಟೆಯ ಮೇಲೆ ಕೂತು ಚಕ್ಕಲಿ ತಿನ್ನುತ್ತಿದ್ದೆ. ಇಸ್ತ್ರಿ ಅಂಗಿಯ ಒಬ್ಬರು ಬಗಲಲ್ಲಿ ಫೈಲು ಹಿಡಿದು ಬಂದು, "ದಿಲ್ರುಕ್ಷಿ ಅನ್ನೋರು ಇದ್ದಾರೇನ್ರಿ?" ಎಂದು ಕೇಳಿದರು. ಹಿಂದಿನ ವಾರವಷ್ಟೇ ನೀರು ಶುದ್ಧಮಾಡುವ ಯಂತ್ರ ಮಾರುವವನೊಬ್ಬ ನಿಮ್ಮ ಹೆಸರು ಹಿಡಿದು ಬಂದು, ಬೇಡ ಎನ್ನಲಾರದ ನಿಮ್ಮ ಕೈಯಿಂದ ಮೂರು ಸಲ ಚಹಾ ಕುಡಿದು ಹೋಗಿದ್ದ. ಇವರೂ ಅದೇ ಪೈಕಿ ಎಂದುಕೊಂಡೆ. ನನ್ನ ಗಂಭೀರ ಮುಖ ನಿಮಗೆ ಗೊತ್ತಲ್ಲ, ಅದನ್ನು ಧರಿಸಿ ಎದ್ದು ನಿಂತು, "ಆ ಹೆಸರಿನವ್ರು ಈ ಮನಿಯಾಗ ಯಾರೂ ಇಲ್ರಿ. ಇಲ್ಲಿ ಇರೋರು ನಮ್ಮ ವೈನಿ, ರುಕ್ಮಿಣಿಬಾಯಿ. ಹುಟ್ಟಿ ಬೆಳೆದದ್ದೆಲ್ಲಾ ಹೆಬ್ಬಳ್ಳಿ" ಎಂದೆ.

ಅವರು ಪಕ್ಕದ ಮನೆಗೆ ಹೋಗಿ ವಿಚಾರಿಸಿದರು. ಗೋದಾಬಾಯಿ ಅಜ್ಜಿ, "ರುಕ್ಮಿಣಿ ನನ್ನ ಮಗಳು. ನಾವೇ ಕೊಟ್ಟು ಮದಿವಿ ಮಾಡೇವಿ. ಯಾಕ, ಏನಾತು?" ಎಂದರು. ಅಜ್ಜಿ ಚೇಷ್ಟೆ ಮಾಡಲಿಲ್ಲ. ಅವರ ಪಾಲಿಗೆ ಅದು ಖರೆ. ಬಂದವರು ಬರೆದುಕೊಂಡು ಹೋದರು. ಸಂಜೆ ನಾನೇ ನಿಮ್ಮ ಮುಂದೆ, ಒಬ್ಬ ಮಾರಾಟಗಾರನನ್ನು ಸಾಗಹಾಕಿದೆ ಎಂದು ಜಂಬ ಕೊಚ್ಚಿದ್ದೆ.

ಮೊನ್ನೆ ಬುಧವಾರ ಅಣ್ಣ ತನಗೆ ರಜೆ ಸಿಗದೆ ಅರ್ಜಿಯ ವಿಷಯ ವಿಚಾರಿಸಲು ನನ್ನನ್ನು ಜಿಲ್ಲಾಧಿಕಾರಿ ಕಚೇರಿಗೆ ಕಳಿಸಿದನಲ್ಲ, ಅಲ್ಲಿ ಶಾಹೀನ ಎಂಬ ಗುಮಾಸ್ತೆ ಫೈಲು ತೆಗೆದು ಓದಿದರು: "ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ. ಸದರಿ ಮನೆಯಲ್ಲಿ ಹೆಬ್ಬಳ್ಳಿ ಮೂಲದ ರುಕ್ಮಿಣಿ ಎಂಬವರು ವಾಸವಿರುವುದಾಗಿ ಮನೆಯ ಯುವಕ ಹಾಗೂ ನೆರೆಯ ವೃದ್ಧೆ ದೃಢಪಡಿಸಿರುತ್ತಾರೆ." ಬಂದವರು ಮಫ್ತಿಯಲ್ಲಿದ್ದ ಪೊಲೀಸರು. ಮನೆಯ ಯುವಕ ನಾನು.

ವೈನಿ, ಆ ಸಾಲು ಕೇಳಿದಾಗ ನನಗೆ ಕಂಡದ್ದು ಫೈಲಲ್ಲ, ಕಳೆದ ಫೆಬ್ರವರಿ. ನಿಮ್ಮ ಅಮ್ಮ ತೀರಿಕೊಂಡು ವರ್ಷವಾಗಿತ್ತು. ಭಿಕ್ಷುಗಳಿಗೆ ಊಟ ಬಡಿಸುವ ವರ್ಷದ ದಾನೆಗೆ ಬಾ ಎಂದು ನಿಮ್ಮ ಅಪ್ಪ ಫೋನಿನಲ್ಲಿ ಕರೆದರು. "ಎನ್‌ಕ್ವೈರಿಯವ್ರು ಬಂದಾಗ ನಾ ಮನ್ಯಾಗ ಇರಲಿಲ್ಲಂದ್ರ ಮತ್ತ ಮೊದಲಿಂದ ಕಾಯಬೇಕಾಗ್ತದ" ಎಂದು ನೀವು ಹೋಗಲಿಲ್ಲ. ಅಂದು ಅಡಿಗೆಮನೆಯಲ್ಲಿ ಒಬ್ಬರೇ ಕಾಯಿಹಾಲಿನ ಅನ್ನ ಮಾಡಿ ನಮಗೆಲ್ಲ ಬಡಿಸಿದಿರಿ. ಉಪ್ಪು ಹಾಕುವುದು ಮರೆತಿತ್ತು. ಎಲ್ಲರೂ ಹಾಗೆಯೇ ಉಂಡೆವು; ನಾನು ಕೂಡ. ನೀವು ಕಾಯುತ್ತಿದ್ದ ಮನುಷ್ಯ ಅಷ್ಟು ಹೊತ್ತಿಗಾಗಲೇ ಬಂದು ಹೋಗಿ ಒಂದೂವರೆ ವರ್ಷವಾಗುತ್ತ ಬಂದಿತ್ತು. ಬಾಗಿಲಿನಿಂದ ಅವರನ್ನು ಕಳಿಸಿದವನು ನಿಮ್ಮ ಎದುರಿಗೇ ಕೂತು ಉಣ್ಣುತ್ತಿದ್ದ.

ಅಲ್ಲಿಯೇ ತಪ್ಪೊಪ್ಪಿಗೆ ಬರೆದುಕೊಟ್ಟೆ. ಶಾಹೀನಬಾಯಿ ಓದಿ, "ತಮ್ಮಾ, ಸುಳ್ಳು ಹೇಳಿದೆ ಅಂತ ಯಾರರ ಬರೀತಾರೇನು? ತಪ್ಪು ತಿಳುವಳಿಕಿಯಿಂದ ಅಂತ ಬರಿ" ಎಂದರು. ತಿದ್ದಲಿಲ್ಲ. ನಂತರ ಅಜ್ಜಿಯ ಹೇಳಿಕೆ ಬೇಕಾಯಿತು. ಅಜ್ಜಿ ಎರಡು ದಿನ ಒಪ್ಪಲೇ ಇಲ್ಲ. "ಧಾರಿ ಎರದ ಕೈ ಇದು. ಮಗಳಲ್ಲ ಅಂತ ಹೆಬ್ಬೆಟ್ಟು ಒತ್ತು ಅಂತೀಯೇನೋ, ಭಾಡ್ಯಾ" ಎಂದು ಬೈದರು. ಕಡೆಗೆ ಶುಕ್ರವಾರ ನನ್ನ ಜೊತೆ ಆಟೋದಲ್ಲಿ ಬಂದು ಶಾಹೀನಬಾಯಿಗೆ ತಾವೇ ಹೇಳಿ ಬರೆಸಿದರು: "ಹುಟ್ಟಿದ್ದು ಮಾತರದಾಗ, ಹೆಸರು ದಿಲ್ರುಕ್ಷಿ. ನನ್ನ ಮಗಳಾದದ್ದು ಇಲ್ಲೆ. ಎರಡೂ ಬರಕೋರಿ, ಒಂದು ಬಿಟ್ರ ನಾ ಒತ್ತೂದಿಲ್ಲ." ಎರಡೂ ಬರೆದುಕೊಂಡರು.

ಮರುವಿಚಾರಣೆ ಆಗುತ್ತದಂತೆ. ಯಾವಾಗ ಎಂದು ಅವರಿಗೂ ಗೊತ್ತಿಲ್ಲ. ಆಮೇಲೆ ಬೆಂಗಳೂರು, ಆಮೇಲೆ ದಿಲ್ಲಿ. ಮತ್ತೆಷ್ಟು ವರ್ಷವೋ, ಹುಸಿ ಸಮಾಧಾನ ಹೇಳಲಾರೆ. ಆದರೆ ಒಂದು ಮಾತು ಕೇಳಿಕೊಂಡು ಬಂದಿದ್ದೇನೆ. ಈ ಸಲ ಬರುವ ಮುಂಚೆ ಫೋನು ಮಾಡುತ್ತಾರೆ. ತಿಳಿಸಿ ಹೋದರೆ ಒಂದು ತಿಂಗಳು ಊರಲ್ಲಿರದಿದ್ದರೂ ಅಡ್ಡಿಯಿಲ್ಲ. ಮೊದಲೇ ಒಮ್ಮೆ ಯಾರಾದರೂ ಹೀಗೆ ಕೇಳಿದ್ದರೆ ನೀವು ಹೋಗಿ ಬರಬಹುದಿತ್ತು. ನಾವು ಅದನ್ನೂ ಕೇಳಿರಲಿಲ್ಲ.

ಆದ್ದರಿಂದ ಈ ಫೆಬ್ರವರಿಯ ಎರಡನೆಯ ದಾನೆಗೆ ನೀವು ಮಾತರಕ್ಕೆ ಹೋಗಬೇಕು. ತಿಳಿಸುವ ಅರ್ಜಿ ಇದರ ಜೊತೆಗಿದೆ, ನಿಮ್ಮ ಸಹಿ ಒಂದೇ ಬಾಕಿ. ಕ್ಷಮಿಸುವುದು ಬಿಡುವುದು ತಿರುಗಿ ಬಂದ ಮೇಲೆ ನೋಡೋಣ. ಅದಕ್ಕೆ ನಾನು ಎಷ್ಟು ವರ್ಷ ಬೇಕಾದರೂ ಕಾಯುತ್ತೇನೆ. ಮೊದಲು ಅಮ್ಮನ ಹೆಸರಿನಲ್ಲಿ ನಿಮ್ಮ ಕೈಯಾರೆ ಬಡಿಸಿ ಬನ್ನಿ.

ಹೋಗುವ ದಾರಿ ಹಗುರವಾಗಲಿ, ಬರುವ ದಾರಿ ನೆನಪಿರಲಿ.

ನಿಮ್ಮ ಮೈದುನ, ಸದರಿ ಮನೆಯ ಯುವಕ,
ಅತುಲ