ಪಂಚನ ಕೈಗೆ ಹತ್ತಿದ ಎಣ್ಣಿ

ಗಿಡ್ಡಪ್ಪಾ,

ನೀ ಇವತ್ತು ಸಿದ್ದಾಪುರದ ಕುಸ್ತಿಗೆ ಬರಬ್ಯಾಡ. ಪಂಚರ ಕೆಲಸ ನಾ ಒಬ್ಬನ ನೋಡ್ಕೋತೀನಿ.

ಕಣಕ್ಕ ಇಳಿಯೂ ಮೊದಲ ಪೈಲವಾನರ ಮೈಗೆ ಎಣ್ಣಿ ಐತೇನಂತ ಮುಟ್ಟಿ ನೋಡಬೇಕಾದ ಪಂಚ ನೀನು. ನೀನ ಮುಂಜಾನೆ ಹಿತ್ತಲದಾಗ ಕುಂತು, ಎದುರಾಳಿ ರಾಜಾಸಾಬನ ಹಿಡಿತ ಜಾರಲಿ ಅಂತ ನಿನ್ನ ಹೆಣ್ತಿ ತಮ್ಮ ಕಾಳಪ್ಪನ ಬೆನ್ನಿಗೆ ಎಣ್ಣಿ ತಿಕ್ಕಾಕ ಹತ್ತಿದ್ದಿ. ಥೂ! ನಾನ ಕಣ್ಣಾರೆ ನೋಡೀನಿ.

ಎಲ್ಲಾರ ಎದುರಿಗೆ ಕೆಮ್ಮಣ್ಣು ಹಚ್ಚಿ, ಗೋಣಿತಟ್ಟಿಲೆ ಕಾಳಪ್ಪನ ಮೈ ನಾನ ತಿಕ್ಕತೀನಿ. ಅತ್ತರ ಅಳಲಿ.

ರೊಟ್ಟಿ ನೆಲುವಿನ್ಯಾಗ ಅದಾವ. ಸೀಗಿಕಾಯಿ ಹಚ್ಚಿ ಕೈ ತೊಳಕೊಂಡು ತಿನ್ನು.

ಕುಸ್ತಿ ಇಡಿಸಿದ ಮಾಲಿಪಾಟೀಲರು ಕೇಳಿದ್ರ ನಿನಗ ಜ್ವರ ಬಂದಾವ ಅಂತ ಹೇಳತೀನಿ. ಕುಸ್ತಿ ಮುಗಿಯೂತನಕ ಕಂಬಳಿ ಹೊತ್ಕೊಂಡು ಬಿದ್ದಿರು. ನಾಚಿಕಿ ಅನ್ನೂದು ಇದ್ರ ಬೆವರು ತಾನ ಬರತೈತಿ.

ನಿಮ್ಮಣ್ಣ ಓಬಳೆಪ್ಪ