ಗೋಡೆಗೆ ಬೇಕಾದ ಸಹಿ

ಮಂಗಳವಾರ, ಸಂಜೆ

ಗೋಡೆಗಳ ಪರಮವೈರಿಯಾದ ನನ್ನ ಗಂಡನಿಗೆ,

ನಿನ್ನ ಕಾಗದ ಬಂತು. ಬೇರೆ ಮನೆ ಮಾಡಿ ವರ್ಷವಾದ ಮೇಲೆ ಬರೆದ ಮೊದಲ ಕಾಗದ. ಅದರಲ್ಲಿ ಹೆಂಡತಿ ಹೇಗಿದ್ದಾಳೆಂಬ ಮಾತಿಲ್ಲ, ಮಗಳ ವಿಚಾರ ಅರ್ಧ ಸಾಲು, ಉಳಿದದ್ದೆಲ್ಲ ಪ್ರಶಸ್ತಿ. ಮುಂದಿನ ಗುರುವಾರ ತೀರ್ಪುಗಾರರು ನೀನು ಕಟ್ಟಿದ ನಮ್ಮ ಶಾಲೆಯನ್ನು ನೋಡಲು ಬರುತ್ತಾರೆ, ಆ ಹೊತ್ತಿಗೆ ಉಳಿದ ಮೂರು ತರಗತಿಗಳನ್ನು ಆಟದ ಬಯಲಿಗೆ ಅಟ್ಟಬೇಕು, ನನ್ನ ಎರಡನೇ ತರಗತಿಯ ಮಕ್ಕಳು ಮಾತ್ರ ಒಳಗೆ ಕೂತು ಮೆತ್ತಗೆ ಓದುತ್ತಿರಬೇಕು, ಅಲ್ಲವೇ? ಓದಿ ನಗು ಬಂತು. ಆಮೇಲೆ ಮೈಯೆಲ್ಲ ಉರಿಯಿತು.

ಗೋಡೆಯಿಲ್ಲದ ಶಾಲೆಯಂತೆ! ಪತ್ರಿಕೆಯಲ್ಲಿ ನಿನ್ನ ಫೋಟೋ ನೋಡಿದೆ. ಕಪ್ಪು ಅಂಗಿ ತೊಟ್ಟು, ಗಲ್ಲಕ್ಕೆ ಕೈ ಕೊಟ್ಟು, ದೂರದಲ್ಲಿ ಏನೋ ಕಂಡವನ ಹಾಗೆ ನಿಂತಿದ್ದೀಯ. ಕಟ್ಟಿದ್ದೇನು? ಒಂದು ದೊಡ್ಡ ಹಜಾರ, ನಾಲ್ಕು ಮೂಲೆಗೆ ನಾಲ್ಕು ತರಗತಿ, ನಡುವೆ ಮೊಣಕಾಲೆತ್ತರದ ಪುಸ್ತಕದ ಕಪಾಟು. ತರಗತಿ ಅಂದರೆ ನಿನಗೆ ಅವಮಾನ, ಅದನ್ನು 'ಗೂಡು' ಅನ್ನಬೇಕು. ಮೆಟ್ಟಿಲಿಗೆ 'ಚಿಂತನೆಯ ದಂಡೆ' ಅಂತ ಹೆಸರಿಟ್ಟಿದ್ದೀಯ. ಅಲ್ಲಿ ಇದುವರೆಗೆ ಯಾರೂ ಚಿಂತಿಸಿಲ್ಲ, ಬಿದ್ದು ಮಂಡಿ ಒಡೆದುಕೊಂಡವರು ಬೇಕಾದಷ್ಟು. ದುಂಡು ಮೇಜು ಹಾಕಿಸಿದ್ದರಿಂದ ಅರ್ಧ ಮಕ್ಕಳ ಬೆನ್ನು ಬೋರ್ಡಿನ ಕಡೆಗಿದೆ. ಮುಖ ಇತ್ತ ಇರುವವರಿಗೂ ಗಾಜಿನ ಚಾವಣಿಯ ಬಿಸಿಲು ಬೋರ್ಡಿನ ಮೇಲೆ ಬಿದ್ದು ಅಕ್ಷರವೇ ಕಾಣುವುದಿಲ್ಲ. ಊಟದ ಗಂಟೆಯ ತನಕ ಇದೇ ಪಾಡು.

ಪಕ್ಕದ ಗೂಡಿನಲ್ಲಿ ನಾಲ್ಕನೇ ತರಗತಿಯ ಲೆಕ್ಕದ ಮೇಷ್ಟ್ರು ಇದ್ದಾರೆ. ಮಕ್ಕಳು ಅವರನ್ನು ಮೈಕ್ ಮೇಷ್ಟ್ರು ಅನ್ನುತ್ತಾರೆ. ಪಾಪ, ಅವರ ತಪ್ಪೇನೂ ಇಲ್ಲ. ನಾನು ದನಿ ಏರಿಸಿದರೆ ಅವರು ಏರಿಸಬೇಕು, ಅವರು ಏರಿಸಿದರೆ ಅತ್ತ ಹಾಡು ಹೇಳಿಸುವವಳು ಏರಿಸಬೇಕು. ಮೊನ್ನೆ ಉಕ್ತಲೇಖನ ಕೊಟ್ಟೆ. ಆನೆ, ಏಣಿ, ಕಿಟಕಿ ಅಂದೆ. ಒಬ್ಬಳು ಆನೆ ಬರೆದು ಅದರ ಕೆಳಗೆ ಎಂಟೆಂಟ್ಲ ಅರವತ್ನಾಲ್ಕು ಅಂತ ಬರೆದಿದ್ದಳು. ಬೈಯಲೋ ಬೆನ್ನು ತಟ್ಟಲೋ ತಿಳಿಯಲಿಲ್ಲ.

ನಗಬೇಡ. ಕಿವಿಗೆ ಯಂತ್ರ ಹಾಕುವ ಇನ್ನೊಬ್ಬ ಹುಡುಗಿ ಇದ್ದಾಳೆ. ಬಂದ ಕೂಡಲೇ ಅದನ್ನು ತೆಗೆದು ಪೆನ್ಸಿಲ್ ಡಬ್ಬಿಯಲ್ಲಿ ಇಡುತ್ತಾಳೆ. ಯಾಕಮ್ಮಾ ಅಂತ ಕೇಳಿದರೆ, ಹಾಕ್ಕೊಂಡ್ರೆ ಎಲ್ಲ ಟೀಚರೂ ನನ್ ತಲೆ ಒಳಗೇ ಪಾಠ ಮಾಡ್ತಾರೆ ಮಿಸ್ ಅಂದಳು. ವರ್ಷ ಮುಗಿಯುತ್ತ ಬಂತು, ಅವಳಿಗೆ ಓದಲು ಬಂದಿಲ್ಲ. ಅವಳೊಬ್ಬಳಿಗೇ ಅಲ್ಲ, ಅರ್ಧ ತರಗತಿಗೆ ಬಂದಿಲ್ಲ. ನಾನು ಪಾಠಕ್ಕೆ ನಿಂತಂದಿನಿಂದ ಹೀಗಾದದ್ದೇ ಇಲ್ಲ. ನನಗೆ ನಾಚಿಕೆಯಾಗುತ್ತದೆ, ನಿನಗೆ ಬಹುಮಾನ ಬರುತ್ತದೆ.

ನಿನಗೆ ಈ ಜ್ಞಾನೋದಯ ಆದದ್ದು ಹೇಗೆಂದು ಬಲ್ಲೆ. ನಕ್ಷೆ ಬರೆಯುವ ಮೊದಲು ಹಳೆಯ ಕಟ್ಟಡಕ್ಕೆ ಬಂದಿದ್ದೆಯಲ್ಲ, ಆವತ್ತು ಹೆಡ್ ಮೇಡಂ ಬೆಳಗ್ಗೆಯೇ ಪ್ರತಿ ತರಗತಿಗೂ ಹೋಗಿ, ದೊಡ್ಡೋರು ಬರ್ತಿದಾರೆ, ಯಾರಾದ್ರೂ ಉಸಿರೆತ್ತಿದ್ರೆ ನೋಡಿ ಅಂತ ಕಣ್ಣು ಬಿಟ್ಟು ಬಂದಿದ್ದರು. ಮಕ್ಕಳು ತುಟಿಯ ಮೇಲೆ ಬೆರಳಿಟ್ಟು ಕೂತಿದ್ದವು. ಯಾರೇ ನೋಡಲು ಬಂದರೂ ನಮ್ಮಲ್ಲಿ ನಡೆಯುವುದೇ ಅದು. ನೀನು ಒಂದು ಸುತ್ತು ಹಾಕಿ, ಮಕ್ಕಳು ಸ್ವಭಾವತಃ ಶಾಂತರು, ಗೋಡೆಯೆಂಬುದು ದೊಡ್ಡವರ ಭಯ ಎಂದು ಬರೆದುಕೊಂಡೆ. ಮನೆಗೆ ಬಂದ ಮೇಲೆ ನಾನು ಬಡಕೊಂಡೆ, ಅದು ಶಾಂತಿ ಅಲ್ಲ ಕಣೋ, ಹೆದರಿಕೆ ಅಂತ. ನಿಮ್ಮಂಥ ಟೀಚರುಗಳಿಗೆ ಹೊಸದು ಅಂದ್ರೆ ಆಗಲ್ಲ ಅಂದೆ ನೀನು. ಸ್ವಂತ ಮಗಳ ಗಲಾಟೆ ತಾಳದೆ ಕೋಣೆಯ ಬಾಗಿಲು ಹಾಕಿಕೊಂಡು ನಕ್ಷೆ ಬರೆದವನು! ಕೊನೆಗೆ ಆ ಬಾಗಿಲೂ ಸಾಲದೆ ಬೇರೆ ಮನೆಯನ್ನೇ ಮಾಡಿಕೊಂಡೆ.

ಈಗ ಕೆಲಸದ ಮಾತು. ಐದು ವರ್ಷ ನಿನ್ನ ಒಪ್ಪಿಗೆಯಿಲ್ಲದೆ ಒಳಗೆ ಒಂದು ಹಲಗೆಯನ್ನೂ ಕದಲಿಸಬಾರದೆಂದು ಕರಾರಿನಲ್ಲಿ ಬರೆಸಿದ್ದೀಯ. ನಮ್ಮ ಆಡಳಿತ ಮಂಡಳಿಗೆ ನಿನ್ನ ಹೆಸರು ಕೇಳಿದರೇ ನಡುಕ. ಬಡಗಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ, ಮರ ನಾವು ಕೊಡಿಸ್ತೀವಿ ಅಂತ ಪೋಷಕರು ಹೇಳಿದ್ದಾರೆ. ನಾಲ್ಕು ತರಗತಿಗೂ ಚಾವಣಿ ಮುಟ್ಟುವ ಗೋಡೆ, ಒಂದೊಂದು ಬಾಗಿಲು, ಅಷ್ಟೇ. ಒಪ್ಪಿಗೆ ಪತ್ರ ಇದರ ಜೊತೆಗಿದೆ. ಗುರುವಾರಕ್ಕೆ ಮೊದಲು ಸಹಿ ಹಾಕಿ ಕಳಿಸು.

ಕಳಿಸಿದರೆ ನಾವು ಬಾಯಿ ಬಿಡುವುದಿಲ್ಲ, ಪ್ರಶಸ್ತಿ ನೀನೇ ಇಟ್ಟುಕೋ. ಅದನ್ನು ಯಾವ ಗೋಡೆಗೆ ನೇತುಹಾಕುತ್ತೀಯೋ ನೋಡೋಣ. ಕಳಿಸದಿದ್ದರೆ ಆವತ್ತು ಯಾರೂ ಬಯಲಿಗೆ ಹೋಗುವುದಿಲ್ಲ. ಮೈಕ್ ಮೇಷ್ಟ್ರು ಮಗ್ಗಿ ಹೇಳಿಸುತ್ತಾರೆ, ಅತ್ತ ಹಾಡು, ಇತ್ತ ಓದು, ತೀರ್ಪುಗಾರರು ನಡುವೆ ನಿಂತು ನಿನ್ನ ಕಲೆಯನ್ನು ಕಿವಿ ತುಂಬ ಸವಿಯಲಿ. ಉಳಿದ ಮೂವರು ಟೀಚರುಗಳೂ ಇದಕ್ಕೆ ಒಪ್ಪಿದ್ದಾರೆ.

ಇಂತಿ,
ಕಾಗದಪತ್ರಗಳ ಪ್ರಕಾರ ಇನ್ನೂ ನಿನ್ನ ಹೆಂಡತಿ

ತಾ.ಕ.: ಗುರುವಾರ ನನ್ನ ತರಗತಿಯನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಆವತ್ತು ಬೆಳಗ್ಗೆ ನನಗೆ ಗಂಟಲಿನ ಆಪರೇಷನ್. ಕಿರುಚಿ ಕಿರುಚಿ ಒಳಗೆ ಗಂಟಾಗಿದೆ; ಇನ್ನೊಂದು ವರ್ಷ ಹೀಗೇ ಕಿರುಚಿದರೆ ಹೋದ ದನಿ ವಾಪಸು ಬರಲ್ಲ ಅಂದರು ಡಾಕ್ಟರು. ಆಮೇಲೆ ಕೆಲವು ವಾರ ನಾನು ತುಟಿ ಬಿಚ್ಚುವ ಹಾಗಿಲ್ಲ. ಮಗಳಿಗೆ ಇನ್ನೂ ಹೇಳಿಲ್ಲ, ಹೆದರುತ್ತಾಳೆ. ನೀನೇ ಬಂದು ಹೇಳು. ಮೆಲ್ಲಗೆ ಹೇಳಿದರೂ ಅವಳಿಗೆ ಕೇಳಿಸುತ್ತದೆ, ನಮ್ಮ ಮನೆಗೆ ಗೋಡೆಗಳಿವೆ.